ವ್ಯಾಟಿನ ಲೆಕ್ಕ

ವಾಸ್ಕೋದಾಗ, ಬೈನಾ ದಂಡಿ ಹತ್ರ,
ಬಲಿ ಒಣಗಿಸೋ ಗ್ವಾಡಿ ಹಿಂದ ನಂದೊಂದು ಅಂಗಡಿ.
ಮೈಕು, ಆಂಪ್ಲಿಫೈಯರು, ನಾಕು ಭೋಂಗಾ, ಹನ್ನೆರಡು ಪೆಟ್ಟಿಗಿ.
ಸಾವಿಗೂ ಕೊಡ್ತೀನಿ, ಮದುವಿಗೂ ಕೊಡ್ತೀನಿ,
ಇಲೆಕ್ಷನ್ನಿಗೆ ದುಪ್ಪಟ್ಟು.
ವ್ಯಾಟಿಗೆ ಇಷ್ಟು ಅಂತ ದರ, ಬಾಗಿಲ ಮ್ಯಾಲೆ ಬರದೀನಿ.
ಬಾಯಿ ಯಾರದು ಅಂತ ಕೇಳೂದಿಲ್ಲ.

ಮೊದಲು ಬಂದಾಂವ ಕಲ್ಲಿದ್ದಲ ಕಂಪನಿ ಸಾವರ್ಡೇಕರ,
ಮೇ ತಿಂಗಳದಾಗೂ ಬೆವರದ ಅಂಗಿ.
'ನಮ್ಮ ಕ್ಯಾಂಡಿಡೇಟು' ಅಂದ,
ನಮ್ಮ ಜೀಪು ಅಂದಂಗ.
ಆರು ಸಾವಿರ ವ್ಯಾಟು, ಇಪ್ಪತ್ತು ದಿನ.
ಬಿಲ್ಲು ಮಾತ್ರ ಬ್ಯಾರೆ ಹೆಸರಿಗೆ:
ಯಾವುದೋ ಗಣೇಶೋತ್ಸವ ಮಂಡಳಿ.
ಗಣಪತಿ ಬರಾಕ ಇನ್ನೂ ನಾಕು ತಿಂಗಳು ಇತ್ತು.

ಸಂಜಿಕೆ ಯೂನಿಯನ್ನಿನ ರೆಬೆಲೋ.
ಮೂರು ಸಾವಿರ ವ್ಯಾಟು. 'ದುಡಿಯೋ ಮಂದಿ ನಾವು, ಕಡಿಮಿ ಮಾಡು.'
ನೋಟು ಎಣಿಸಿದ: ಹತ್ತರವು, ಇಪ್ಪತ್ತರವು, ಗ್ರೀಸಿನ ವಾಸನಿ.
ಅದರಾಗ ನನ್ನ ತಮ್ಮ ಫಕೀರಪ್ಪಂದೂ ಇದ್ದೀತು.
ಬಂದರಿನಾಗ ಕ್ರೇನಿನ ಕೆಳಗ ನಿಲ್ಲಾಂವ ಅಂವ.
ಪಗಾರದ ದಿನ ಗೇಟಿನಾಗ ನಿಂತು ಐವತ್ತು ಇಸಗೋತಾರ,
ಚೀಟಿ ಮ್ಯಾಲೆ 'ಹೋರಾಟ ನಿಧಿ' ಅಂತ ಬರೀತಾರ.
ಯಾರ ಪರ ಹೋರಾಟಲೇ ಅಂದ್ರ ನಗ್ತಾನ:
'ಅದನ್ನ ಕೇಳಾಕೂ ಮೀಟಿಂಗಿನಾಗ ಮೈಕು ಬೇಕಣ್ಣ.'

ವಕೀಲ ಪ್ರಿಯೋಳಕರ ದಿನಾ ಚಾ ಕುಡಿಯಾಕ ಬರ್ತಾರ, ಹೇಳಿದ್ರು:
ರೊಕ್ಕ ಖರ್ಚು ಮಾಡೂದೂ ಒಂದು ಮಾತೇ ನೋಡು.
ಭೋಂಗಾ ಕಿತ್ತರ ನಾಲಿಗಿ ಕಿತ್ತಂಗ.
ಖರೇ ಅನಿಸ್ತು. ಗುಡಿಸಲಾ ಕೆಡವಾಕ ಬಂದ ವರ್ಷ
ಓಣಿ ಮಂದಿ ಬ್ಯಾಡ ಬ್ಯಾಡ ಅಂತ ನನ್ನ ಮೈಕಿನಾಗ ಕೂಗಿದ್ರು,
ಪೊಲೀಸ್ರು ಮೊದಲು ಎತ್ತಿಗೊಂಡು ಹೋಗಿದ್ದು ನನ್ನ ಪೆಟ್ಟಿಗಿ.
ಆವಾಗ ನಾನೂ ಇದನ್ನ ಅಂದಿದ್ದೆ.
ಆದ್ರ ಸಾಹೇಬ್ರ, ಮಾತು ಅಂದ್ರ ರೊಕ್ಕ ಆದ ಮ್ಯಾಲೆ
ರೊಕ್ಕಿಲ್ಲದಾಂವ ಮೂಕ ಅಂತ ಬರಕೋಬೇಕೇನು?
ಅವರು ಚಾದಾಗ ಬಿಸ್ಕೀಟು ಎದ್ದಿದ್ರು. ಅದು ಮುರದು ಒಳಗ ಬಿತ್ತು.

ಮೂರನೇ ದಿನ ಹುಲಿಗೆವ್ವ ಬಂದಳು, ಅಗಸರ ಹುಲಿಗೆವ್ವ.
ಹೋಟೆಲಿನ ಬಿಳಿ ಚಾದರ ಒಗೀತಾಳ,
ಹಗ್ಗಕ್ಕ ಹಾಕೂದ್ರಾಗ ಬಂದರಿನ ಧೂಳು ಕುಂತು ಬೂದಿ ಬಣ್ಣ,
ಮತ್ತ ಒಗೀತಾಳ, ಒಂದೇ ಒಗತದ ರೊಕ್ಕ ಕೊಡ್ತಾರ.
ಪಕ್ಷೇತರ ನಿಂತಿದ್ಲು. ಗುರುತು ಬಕೆಟ್ಟು.
ಸೆರಗಿನ ಗಂಟಿನಾಗ ಮುನ್ನೂರಾ ನಲವತ್ತು ರೂಪಾಯಿ.
ಅಷ್ಟಕ್ಕ ಬರೂದು ಕೈಯಾಗ ಹಿಡಿಯೋ ಭೋಂಗಾ ಒಂದೇ,
ಸೆಲ್ಲು ಅರ್ಧ ಸತ್ತದ್ದು.
'ಸಾಕು' ಅಂದ್ಲು, 'ಒಂದೇ ಮಾತು ಹೇಳೂದೈತಿ.'

ಕಡೀ ದಿನ, ನಾಕು ದಾರಿ ಕೂಡೂ ಜಾಗಾ.
ಆ ಕಡೆ ಆರು ಸಾವಿರ, ಈ ಕಡೆ ಮೂರು ಸಾವಿರ,
ಎರಡೂ ನನ್ನವ.
ನಡುವ ಹುಲಿಗೆವ್ವ ಬಕೆಟ್ಟು ಬೋರಲು ಹಾಕಿ ಹತ್ತಿ ನಿಂತಾಳ.
ತುಟಿ ಅಲ್ಲಾಡಿದ್ವು.
ನನ್ನ ಹೆಬ್ಬೆಟ್ಟು ಗುಂಡಿ ಮ್ಯಾಲ ಇತ್ತು, ಖರೇ ಹೇಳ್ತೀನಿ,
ಎಡಕ್ಕ ಎರಡು ಕೂದಲೆಳಿ ತಿರುವಿದ್ರ ಸಾಕಿತ್ತು.
ಅಡ್ವಾನ್ಸು ಕಿಸೇದಾಗಿತ್ತು.
ತಿರುವಲಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಅಂತಿದ್ಲು ನಮ್ಮವ್ವ.
ಬೆಳ್ಳಿ ಬಾಡಿಗಿಗೆ ಹೋಗಿ ಬಂತು.
ಮತದಾನಕ್ಕ ಮುಂಚಿನ ಎರಡು ದಿನ ಸರಕಾರಿ ಬಂಗಾರ,
ಪ್ರಚಾರ ಬಂದ್.
ಪೆಟ್ಟಿಗಿಗೆ ತಾಡಪತ್ರಿ ಹೊದಿಸಿ ಕುಂತಿದ್ದೆ.
ಎಷ್ಟೋ ದಿನಕ್ಕ ಅಲಿ ಸಪ್ಪಳ ಕೇಳ್ತು, ಯಾರದೋ ಕೆಮ್ಮು,
ನಲ್ಲಿಗೆ ನೀರು ಬಂದ ಸುಯ್‌ ಸಪ್ಪಳ.

ಹುಲಿಗೆವ್ವ ಭೋಂಗಾ ತಂದು ಮೇಜಿನ ಮ್ಯಾಲಿಟ್ಲು.
'ನಾಕು ಹೊಸ ಸೆಲ್ಲು ಹಾಕೀನಿ, ಲೆಕ್ಕಕ್ಕ ಹಿಡಕೋ.'
ಅವತ್ತ ಏನಂದಿ ಯವ್ವಾ, ಆ ಒಂದು ಮಾತು?
ಬಾಯಿ ತೆಗದ್ಲು. ಓಣಿ ಕಡೆ ನೋಡಿದ್ಲು. ಮುಚ್ಚಿದ್ಲು.
'ಈಗ ಹೇಳಿದ್ರ ಕೇಸು ಹಾಕ್ತಾರಂತಪಾ. ಟೈಮ ಮುಗದೈತಿ.'

ಒಗ್ಯಾಣ ಹೊತ್ತು ಹೋದ್ಲು.
ಸೆಲ್ಲು ನೋಡೂಣು ಅಂತ ಸ್ವಿಚ್ಚು ಒತ್ತಿದೆ.
ಸಣ್ಣಗ ಗುಂಯ್‌ ಅಂತು.